ಹನ್ನೆರಡು ನಿಮಿಷ ಮುಂದೆ

ಬಸ್ ಡಿಪೋದ ಗೇಟಿನ ಪಕ್ಕದಲ್ಲಿ ಎರಡು ಕಿಟಕಿ, ಒಂದು ಫ್ಯಾನು, ಒಂದು ಕುರ್ಚಿ ಮಾತ್ರ ಹಿಡಿಯುವಂಥ ಗೂಡೊಂದಿತ್ತು. ಅದರಲ್ಲಿ ಕೂತು ಅವಳು ಇಪ್ಪತ್ತನಾಲ್ಕು ವರ್ಷ ರಾಜ್ಯಭಾರ ಮಾಡಿದಳು. ಹುದ್ದೆಯ ಹೆಸರು ಟೈಮ್‌ಕೀಪರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಗೇಟು ದಾಟಿತು, ಎಷ್ಟು ಹೊತ್ತಿಗೆ ಮರಳಿತು ಎಂದು ರಿಜಿಸ್ಟರಿನಲ್ಲಿ ಬರೆಯುವುದು ಕೆಲಸ. ಡ್ರೈವರುಗಳೆಲ್ಲ ಅವಳನ್ನು ಟೈಮಮ್ಮ ಎನ್ನುತ್ತಿದ್ದರು. ಎದುರಿಗೆ ಭಕ್ತಿಯಿಂದ, ಬೆನ್ನ ಹಿಂದೆ ಬೇರೊಂದು ರಾಗದಲ್ಲಿ. ಹಲ್ಲುನೋವು, ಹೆಂಡತಿಯ ಹೆರಿಗೆ, ಹಿಂದಿನ ಚಕ್ರದ ಪಂಕ್ಚರು, ಹೀಗೆ ಅವರು ಬಿಟ್ಟ ಅಸ್ತ್ರಗಳಲ್ಲಿ ಒಂದೂ ಆ ಕಿಟಕಿಯ ಗಾಜನ್ನು ಭೇದಿಸಲಿಲ್ಲ.

"ಆರು ಹದಿನೈದರ ಬಸ್ಸು ಆರು ಹದಿನಾರಕ್ಕೆ ಹೊರಟ್ರೆ ಅದು ಬಸ್ಸಲ್ಲಪ್ಪ, ವದಂತಿ," ಎಂದು ಅವಳು ಪೆನ್ನಿನ ತುದಿಯಿಂದ ಗಾಜು ಕುಟ್ಟಿ ಹೇಳುವಳು. ಡ್ರೈವರು ತಲೆ ತಗ್ಗಿಸಿ ಗೇರು ಹಾಕುವನು.

ಇಂಥ ಮಹಾತಾಯಿಯನ್ನು ವಿಧಿ ತಂದು ಗಂಟು ಹಾಕಿದ್ದು ಒಬ್ಬ ವಾಚ್ ರಿಪೇರಿಯವನಿಗೆ. ಕೇಳಿದವರು ಜೋಡಿ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಅವರು ಅವನ ಗಿರಾಕಿಗಳಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಎಳ್ಳಿನಷ್ಟು ತಿರುಪನ್ನು ಚಿಮಟದಲ್ಲಿ ಹಿಡಿದು ಕೂತನೆಂದರೆ ಅಂಗಡಿ ಮುಂದೆ ಆನೆ ಹಾದುಹೋದರೂ ಅವನಿಗೆ ಪರಿವೆಯಿಲ್ಲ. ಯಾವಾಗ ಬರಲಿ ಎಂದು ಯಾರು ಕೇಳಿದರೂ "ಗುರುವಾರ ಬನ್ನಿ" ಎನ್ನುವನು. ಯಾವ ಗುರುವಾರ ಎಂದು ಹೇಳುವಷ್ಟು ದುಡುಕಿನವನಲ್ಲ. ಬೀದಿಯವರು ಅವನನ್ನು ಗುರುವಾರಪ್ಪ ಎಂದೇ ಕರೆಯುತ್ತಿದ್ದರು. ಸ್ವಂತ ಮದುವೆಗೆ ನಲವತ್ತು ನಿಮಿಷ ತಡವಾಗಿ ಬಂದು, "ಯಾರೂ ಶುರು ಮಾಡಿಲ್ಲ ತಾನೆ?" ಎಂದು ಕೇಳಿದವನು ಅವನು.

ಮದುವೆಯಾದ ಎರಡನೆಯ ವಾರವೇ ಟೈಮಮ್ಮ ಯುದ್ಧ ಸಾರಿದಳು. ಗಂಡ ಸ್ನಾನಕ್ಕೆ ಹೋದಾಗ ಸ್ಟೂಲು ಹತ್ತಿ ಹಜಾರದ ಗೋಡೆ ಗಡಿಯಾರವನ್ನು ಹನ್ನೆರಡು ನಿಮಿಷ ಮುಂದಕ್ಕೆ ತಿರುಗಿಸಿದಳು. ಹನ್ನೆರಡೇ ಯಾಕೆಂದರೆ, ಹತ್ತಾದರೆ ಮನಸ್ಸು ಸಲೀಸಾಗಿ ಕಳೆದುಬಿಡುತ್ತದೆ. ಹನ್ನೆರಡನ್ನು ಬೆಳಿಗ್ಗೆ ಹಲ್ಲುಜ್ಜುತ್ತಾ ಕಳೆಯುವುದು ಯಾವ ಗಂಡಸಿಗೂ ಆಗದ ಮಾತು ಎಂದು ಅವಳ ಸಿದ್ಧಾಂತ. ಆಮೇಲೆ ಅಡುಗೆಮನೆಯದು, ಮಲಗುವ ಕೋಣೆಯ ಅಲಾರಾಮು. ಇಪ್ಪತ್ತಾರು ವರ್ಷ ಆ ಮನೆ ಊರಿಗಿಂತ ಹನ್ನೆರಡು ನಿಮಿಷ ಮುಂದೆ ಬದುಕಿತು. ಅತ್ತೆಗೆ ಗೊತ್ತಿತ್ತು. ಮಗಳಿಗೆ ಅಕ್ಷರಾಭ್ಯಾಸಕ್ಕೂ ಮೊದಲೇ ಗೊತ್ತಿತ್ತು. ಬಂದ ನೆಂಟರಿಗೆ ಬಾಗಿಲಲ್ಲೇ ಪಿಸುಗುಟ್ಟಿ ಹೇಳಲಾಗುತ್ತಿತ್ತು. ಗೊತ್ತಿಲ್ಲದವನು ಒಬ್ಬನೇ, ಊರಿನ ಗಡಿಯಾರಗಳಿಗೆಲ್ಲ ವೈದ್ಯನಾದ ಆ ಮಹಾನುಭಾವ. ಅಷ್ಟಾದರೂ ಅವನು ತಡವಾಗುವುದು ತಪ್ಪಲಿಲ್ಲ. ಈ ಹನ್ನೆರಡೂ ಇಲ್ಲದಿದ್ದರೆ ಇನ್ನೆಷ್ಟು ತಡವಾಗುತ್ತಿತ್ತೋ ಎಂದು ಅವಳು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಈ ಕುಟುಂಬಕ್ಕೆ ಒಂದು ಹಾಯಿದೋಣಿ ಇತ್ತು. ಬಂದರಿನ ಹಿಂದುಗಡೆ ಬಣ್ಣ ಕಿತ್ತು ಬಿದ್ದಿದ್ದ ಹಳೆಯ ದೋಣಿಯನ್ನು ತಂದು, ಹನ್ನೊಂದು ವರ್ಷದ ಭಾನುವಾರಗಳನ್ನೆಲ್ಲ ಅದಕ್ಕೆ ಸುರಿದು, ಉಜ್ಜಿ, ಬಳಿದು, ಹೊಲಿದು, ಒಳಗೆ ನಾಲ್ಕು ಹಾಸಿಗೆ, ಒಂದು ಒಲೆ, ಒಂದು ಮೇಜು ಕೂರಿಸಿದ್ದರು. ಮೊದಮೊದಲು ಕೊಲ್ಲಿಯೊಳಗೆ, ಆಮೇಲೆ ಕರಾವಳಿಗುಂಟ ಓಡಾಡಿ ಮೈಕೈ ಪಳಗಿಸಿಕೊಂಡಿದ್ದರು. ಒಂದು ಸಂಜೆ ಟೈಮಮ್ಮ ಡಿಪೋದಿಂದ ಬಂದವಳೇ ಚಪ್ಪಲಿ ಕೂಡ ಬಿಡದೆ ಘೋಷಿಸಿದಳು.

"ಇಪ್ಪತ್ತನಾಲ್ಕು ವರ್ಷ ಊರನ್ನೆಲ್ಲ ಹೊರಡಿಸಿದೀನಿ. ಆ ಗೇಟಲ್ಲಿ ಹೊರಡದೇ ಉಳಿದೋಳು ನಾನೊಬ್ಬಳೇ. ಈ ಸಲ ಸಮುದ್ರ ದಾಟೋಣ."

"ಕೊಲ್ಲಿ ತಾನೆ?" ಎಂದ ಗುರುವಾರಪ್ಪ, ಚಿಮಟ ಕೆಳಗಿಡದೆ.

"ಸಮುದ್ರ ಅಂದೆ. ಆಚೆ ದಡ."

ಆಗಷ್ಟೇ ಕಾಲೇಜು ಮುಗಿಸಿದ್ದ ಮಗಳು ಕುಣಿದಳು. ಅತ್ತೆಗೆ ಎಪ್ಪತ್ತಾರು. ಅವರನ್ನು ಕಿರಿಯ ಮಗನ ಮನೆಯಲ್ಲಿ ಬಿಡುವ ಪ್ರಸ್ತಾಪ ಬಂದಾಗ ಅವರು ಕನ್ನಡಕದ ಮೇಲಿನಿಂದ ನೋಡಿದರು. "ಅಲ್ಲಿ ಟೀವಿಗೆ ಸೌಂಡೇ ಇಡಲ್ಲ. ಮೂಕಿ ಪಿಕ್ಚರ್ ನೋಡ್ಕೊಂಡು ಸಾಯೋದಕ್ಕಿಂತ ನಿಮ್ಮ ಜೊತೆ ಮುಳುಗೋದೇ ವಾಸಿ. ಆಲೂಗಡ್ಡೆ ಸಿಪ್ಪೆ ತೆಗೆಯೋಕಾದ್ರೂ ಒಬ್ಬರು ಬೇಕಲ್ಲ."

ಗುರುವಾರಪ್ಪ ತನ್ನ ಪಾಲಿಗೆ ಒಂದು ಗಡಿಯಾರವನ್ನು ಸಿದ್ಧಪಡಿಸಿದ. ಒಡೆದು ಮಾರಿದ ಹಡಗೊಂದರ ಹಿತ್ತಾಳೆ ಗಡಿಯಾರ ಅದು. ಒಂದು ವರ್ಷ ಅದರ ಹಲ್ಲುಹಲ್ಲನ್ನೂ ತೊಳೆದು, ಎಣ್ಣೆ ಹನಿಸಿ, ಹತ್ತು ದಿನಕ್ಕೆ ಒಂದು ಸೆಕೆಂಡು ಕೂಡ ಅತ್ತಿತ್ತ ಆಗದ ಹಾಗೆ ಪಳಗಿಸಿದ. ಹೊರಡುವ ಹಿಂದಿನ ಸಂಜೆ ರೇಡಿಯೋದ ಸಮಯಕ್ಕೆ ಹೊಂದಿಸಿ, ದೋಣಿಯೊಳಗೆ ಮೇಜಿನ ಮೇಲೆ ತೂಗುಹಾಕಿ, ಎಲ್ಲರನ್ನೂ ಎದುರಿಗೆ ನಿಲ್ಲಿಸಿ ಭಾಷಣ ಮಾಡಿದ. "ಈ ದೋಣೀಲಿ ಇದೊಂದೇ ಸಮಯ. ನಾಳೆ ಹತ್ತಿದ ತಕ್ಷಣ ಎಲ್ಲರೂ ನಿಮ್ಮ ನಿಮ್ಮ ವಾಚು ಇದಕ್ಕೇ ಹೊಂದಿಸ್ಕೋಬೇಕು. ಇದನ್ನ ಮಾತ್ರ ಯಾರೂ ಮುಟ್ಟಬಾರದು."

ಟೈಮಮ್ಮನಿಗೆ ಬೇರೆ ಚಿಂತೆ. ಬಂದರಿನ ಬಾಯಲ್ಲಿ ಮರಳುದಿಬ್ಬ. ಬೆಳಿಗ್ಗೆ ಏಳು ಇಪ್ಪತ್ತರೊಳಗೆ ಭರತದ ನೀರಿನಲ್ಲಿ ದಾಟದಿದ್ದರೆ ಆ ದಿನ ಹೋಯಿತು. ಆ ರಾತ್ರಿ ಗಂಡ ಹೆಂಡತಿ ದೋಣಿಯಲ್ಲೇ ಮಲಗಿದ್ದರು; ಗಂಡ ಗೊರಕೆ ಹೊಡೆಯುತ್ತಿದ್ದ. ಐದು ಗಂಟೆಗೆ ಎದ್ದವಳು ಹಿತ್ತಾಳೆ ಗಡಿಯಾರವನ್ನು ನೋಡಿದಳು, ಗಂಡನನ್ನು ನೋಡಿದಳು. ಇಪ್ಪತ್ತಾರು ವರ್ಷ ಪಳಗಿದ ಕೈ ಯಾರನ್ನೂ ಕೇಳಲಿಲ್ಲ. ಗಾಜಿನ ಮುಚ್ಚಳ ತೆರೆದು, ತಲೆಯ ಪಿನ್ನಿನಿಂದ ದೊಡ್ಡ ಮುಳ್ಳನ್ನು ಹನ್ನೆರಡು ಗೆರೆ ಮುಂದಕ್ಕೆ ದೂಡಿ, ಮುಚ್ಚಳ ಹಾಕಿ, ಒಲೆ ಹಚ್ಚಿದಳು.

ಆ ದಿನ ದೋಣಿ ದಿಬ್ಬ ದಾಟಿದ್ದು ನಿಜವಾದ ಏಳು ಹದಿನೈದಕ್ಕೆ. ಅವಳ ದಾಂಪತ್ಯದಲ್ಲಿ ಅದು ಮೊದಲ ವಿಜಯ. ಆ ಸಂಭ್ರಮದಲ್ಲಿ, ಬೆನ್ನ ಹಿಂದೆ ದಡ ತೆಳ್ಳಗಾಗಿ ಮಾಯವಾಗುವುದನ್ನು ನೋಡುತ್ತಾ, ಪಿನ್ನಿನ ಸಂಗತಿಯನ್ನು ಅವಳು ಮರೆತೇಬಿಟ್ಟಳು. ಮಕ್ಕಳ ಕೆನ್ನೆಗೆ ಅಂಟಿದ್ದನ್ನು ಒರೆಸಿದ್ದು ಯಾವ ತಾಯಿಗೆ ನೆನಪಿರುತ್ತದೆ?

ಹದಿನೇಳು ದಿನ ಸುಖವಾಗಿ ಕಳೆದವು. ಚುಕ್ಕಾಣಿಯ ಪಕ್ಕದ ಪರದೆಯಲ್ಲಿ ದೋಣಿ ಎಲ್ಲಿದೆಯೆಂದು ಸಣ್ಣ ಬಾಣದ ಗುರುತು ತೋರಿಸುತ್ತಿತ್ತು. ಅದನ್ನು ನೋಡಿಕೊಳ್ಳುವುದು ಮಗಳ ಕೆಲಸ; ಗುರುವಾರಪ್ಪ ಅದರತ್ತ ತಲೆ ಹಾಕುತ್ತಿರಲಿಲ್ಲ. ಅದನ್ನು ನೋಡಿ ದೋಣಿ ನಡೆಸುವುದು, ಗೈಡು ನೋಡಿ ಪರೀಕ್ಷೆ ಬರೆದಂತೆ ಎಂದು ಅವನ ಅಭಿಪ್ರಾಯ. ಹದಿನೆಂಟನೆಯ ದಿನ ಮಧ್ಯಾಹ್ನ ಹಾಯಿ ಕಟ್ಟುವ ಕೂವೆಮರಕ್ಕೆ ಸಿಡಿಲು ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಪರದೆ ಸತ್ತಿತು, ರೇಡಿಯೋ ಸತ್ತಿತು, ಒಂದೇ ಬೋರ್ಡಿನಲ್ಲಿ ಸಾಲಾಗಿ ಚಾರ್ಜಿಗೆ ಹಾಕಿದ್ದ ಫೋನುಗಳೆಲ್ಲ ಸತ್ತವು, ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವೂ ಸತ್ತಿತು. ಅತ್ತೆ ಮೂಗರಳಿಸಿ, "ಯಾರೋ ಹಾಲು ಸೀಯಿಸಿದ್ರು," ಎಂದರು.

ಆಮೇಲೆ ಮೂರು ದಿನ ಮೋಡ, ಬಿರುಗಾಳಿ. ನಾಲ್ಕನೆಯ ದಿನ ಸೂರ್ಯ ಕಾಣಿಸಿದಾಗ ಗುರುವಾರಪ್ಪ ಮದುವಣಿಗನ ಹಾಗೆ ಹೊಳೆಯುತ್ತಿದ್ದ. ಸೂರ್ಯನ ಎತ್ತರ ಅಳೆಯುವ ಉಪಕರಣವನ್ನು ಹೊರಟಾಗಿನಿಂದ ಮೊದಲ ಸಲ ಪೆಟ್ಟಿಗೆಯಿಂದ ತೆಗೆದ. ಅವನು ಸೂರ್ಯನನ್ನು ಹಿಡಿದಾಗ ಮಗಳು ಹಿತ್ತಾಳೆ ಗಡಿಯಾರ ನೋಡಿ ಗಂಟೆ ಕೂಗುವುದು, ಅವನು ಬರೆದುಕೊಳ್ಳುವುದು. ಮೊದಲ ದಿನದ ಲೆಕ್ಕದಲ್ಲಿ ದೋಣಿ ಅಂದಾಜಿಗಿಂತ ನೂರೆಂಬತ್ತು ಮೈಲಿ ಮುಂದೆ ಬಂದಿತ್ತು.

"ನೋಡಿದ್ರಾ, ಬಿರುಗಾಳಿ ನಮ್ಮನ್ನ ಹೆಗಲ ಮೇಲೆ ಹೊತ್ಕೊಂಡು ಬಂದಿದೆ," ಎಂದು ಅವನು ಸಮುದ್ರಕ್ಕೆ ನಮಸ್ಕಾರ ಹಾಕಿದ. ದಾರಿಯಲ್ಲಿ ಒಂದು ದ್ವೀಪವಿತ್ತು. ಅಲ್ಲಿ ಬಂದರು, ಸಿಹಿನೀರು, ರಿಪೇರಿಯವರು ಎಲ್ಲ ಉಂಟು. ಅದನ್ನು ಬಿಟ್ಟರೆ ಮುಂದಿನ ನೆಲಕ್ಕೆ ಹನ್ನೊಂದು ದಿನ. ಟ್ಯಾಂಕಿನಲ್ಲಿ ಉಳಿದಿದ್ದ ನೀರು ನಾಲ್ಕು ಜನಕ್ಕೆ, ಗುಟುಕು ಗುಟುಕಾಗಿ ಕುಡಿದರೂ, ಐದು ದಿನಕ್ಕೆ ಸಾಕು. ಅದರ ಉಸ್ತುವಾರಿ ಟೈಮಮ್ಮನದು. ಅರ್ಧ ಲೋಟಕ್ಕಿಂತ ಒಂದು ಹನಿ ಹೆಚ್ಚು ಯಾರಿಗೂ ಸಿಗುತ್ತಿರಲಿಲ್ಲ.

ದ್ವೀಪ ಸಿಗಬೇಕಾದ ದಿನ ಸಿಗಲಿಲ್ಲ. ಕತ್ತಲಾಗುವವರೆಗೆ ನಾಲ್ವರೂ ಕಣ್ಣು ನೋಯುವಷ್ಟು ನೋಡಿದರು. ಮರುದಿನ ಮಧ್ಯಾಹ್ನ ಗುರುವಾರಪ್ಪ ಮತ್ತೆ ಸೂರ್ಯನನ್ನು ಹಿಡಿದು, ಎರಡೆರಡು ಸಲ ಕೂಡಿ, ಪೆನ್ಸಿಲು ಕಚ್ಚಿಕೊಂಡು ಬಂದ.

"ದಾಟಿಬಿಟ್ಟಿದೀವಿ. ರಾತ್ರಿ ಪಕ್ಕದಲ್ಲೇ ಹೋಗಿರಬೇಕು, ಕಾಣಿಸಿಲ್ಲ. ಈಗ ಅದು ತೊಂಬತ್ತು ಮೈಲಿ ಹಿಂದಿದೆ. ಊಟ ಆದ ತಕ್ಷಣ ಹಾಯಿ ತಿರುಗಿಸೋಣ."

"ಹಿಂದಕ್ಕಾ? ಗಾಳಿ ಎದುರಿಗೆ ಬರತ್ತೆ ಅಪ್ಪ," ಎಂದಳು ಮಗಳು.

"ಬರ್ಲಿ. ಅಡ್ಡಡ್ಡ ಹೋಗೋಣ, ಮೂರು ದಿನ ಹಿಡಿಯತ್ತೆ."

"ನಿಂಗೆ ಹೇಗೋ ಅಷ್ಟು ಖಾತ್ರಿ?" ಎಂದರು ಅತ್ತೆ, ಬೆಂದ ಆಲೂಗಡ್ಡೆಯನ್ನು ತಟ್ಟೆಗೆ ಹಾಕುತ್ತಾ. "ಸುತ್ತಾ ನೀರು ಬಿಟ್ರೆ ನಂಗೇನೂ ಕಾಣ್ತಿಲ್ಲ."

ಗುರುವಾರಪ್ಪನಿಗೆ ಪಾಠ ಹೇಳಲು ಇಷ್ಟು ಸಾಕು. ಒಂದು ಆಲೂಗಡ್ಡೆ ಎತ್ತಿಕೊಂಡ. "ಇದು ಭೂಮಿ ಅಮ್ಮ. ಇದು ಒಂದು ಡಿಗ್ರಿ ತಿರುಗೋಕೆ ನಾಲ್ಕು ನಿಮಿಷ. ಇಲ್ಲಿ ಸೂರ್ಯ ನೆತ್ತಿಗೆ ಬಂದಾಗ ನಮ್ಮೂರಲ್ಲಿ ಎಷ್ಟು ಗಂಟೆ ಅಂತ ಗೊತ್ತಾದ್ರೆ, ನಾವು ಊರಿಂದ ಎಷ್ಟು ದೂರ ಬಂದಿದೀವಿ ಅಂತ ಗೊತ್ತಾಗತ್ತೆ. ಊರಿನ ಗಂಟೆ ನನ್ನ ಗಡಿಯಾರದಲ್ಲಿದೆ. ಅದು ತಪ್ಪಿದ್ರೆ ಮಾತ್ರ ನಾವು ಎಲ್ಲಿದೀವೋ ದೇವರಿಗೇ ಗೊತ್ತು." ಎಂದು ನಕ್ಕು ಭೂಮಿಯನ್ನು ತಿಂದ.

ಟೈಮಮ್ಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಹನ್ನೆರಡು ನಿಮಿಷಕ್ಕೆ?

ಏನೂ ಆಗದವಳಂತೆ ತಟ್ಟೆ ಎತ್ತಿಕೊಂಡು ಕೆಳಗಿಳಿದಳು. ಮೊದಲು ಹೊಳೆದದ್ದು ಹೇಡಿಯ ಉಪಾಯ: ಪಿನ್ನು ತೆಗೆದು ಮುಳ್ಳನ್ನು ಮೆಲ್ಲಗೆ ಹಿಂದಕ್ಕೆ ದೂಡಿಬಿಡುವುದು. ಯಾರಿಗೂ ತಿಳಿಯುವುದಿಲ್ಲ, ಮಾನ ಉಳಿಯುತ್ತದೆ. ಗಾಜಿನ ಮುಚ್ಚಳ ತೆರೆದೂ ಆಯಿತು. ಆಗ ಅವಳೊಳಗಿನ ಡಿಪೋ ಎಚ್ಚರವಾಯಿತು. ಇವತ್ತಿನ ಲೆಕ್ಕ ಆಗಿಹೋಗಿದೆ. ಮುಳ್ಳು ಈಗ ಸರಿಯಾದರೂ ಅವನಿಗೆ ಗೊತ್ತಾಗುವುದು ನಾಳೆ ಮಧ್ಯಾಹ್ನ. ಅಷ್ಟರೊಳಗೆ ದೋಣಿ ಒಂದು ಇಡೀ ದಿನ ತಪ್ಪು ದಿಕ್ಕಿಗೆ ಹೋಗಿರುತ್ತದೆ. ಒಂದು ದಿನ ಅಂದರೆ ಒಬ್ಬೊಬ್ಬರಿಗೆ ಆರು ಅರ್ಧ ಲೋಟ ನೀರು. ಮಗಳಿಗೆ, ಅತ್ತೆಗೆ.

ಮೇಲೆ ಹಗ್ಗ ಬಿಚ್ಚುವ ಸದ್ದು ಕೇಳಿಸಿತು. ಇವನು ಜೀವಮಾನದಲ್ಲಿ ಒಂದೇ ಒಂದು ಸಲ ಹೇಳಿದ ಹೊತ್ತಿಗೆ ಹೊರಡುತ್ತಿದ್ದಾನೆ, ಅದೂ ಈಗ. ಅವಳು ಪಿನ್ನನ್ನು ತಲೆಗೆ ಸಿಕ್ಕಿಸಿ ಏಣಿ ಹತ್ತಿದಳು.

"ರೀ, ನಿಲ್ಲಿಸಿ."

"ಈಗ ತಿರುಗಿಸ್ತಿದೀನಿ, ತಲೆ ತಗ್ಗಿಸು."

"ತಿರುಗಿಸಬೇಡಿ. ಆ ಗಡಿಯಾರ ಮುಂದಿದೆ. ನಾನೇ ಇಟ್ಟಿದ್ದು. ಹೊರಟ ದಿನ ಬೆಳಿಗ್ಗೆ, ನೀವು ಮಲಗಿದ್ದಾಗ."

ಗುರುವಾರಪ್ಪನ ಕೈಯಲ್ಲಿ ಹಗ್ಗ ಹಾಗೇ ಉಳಿಯಿತು.

"ಎಷ್ಟು?"

"ಹನ್ನೆರಡು ನಿಮಿಷ."

"ಸುಮಾರು ಹನ್ನೆರಡಾ, ಸರಿಯಾಗಿ ಹನ್ನೆರಡಾ?"

ಇಷ್ಟು ಹೊತ್ತು ಅಪರಾಧಿಯಂತೆ ನಿಂತಿದ್ದ ಟೈಮಮ್ಮನಿಗೆ ಈ ಪ್ರಶ್ನೆ ಮಾತ್ರ ಸಹಿಸಲಾಗಲಿಲ್ಲ. "ಸುಮಾರಾ? ಇಪ್ಪತ್ತನಾಲ್ಕು ವರ್ಷ ಆ ಗೂಡಲ್ಲಿ ಕೂತು ಸುಮಾರು ಅಂತ ಒಂದು ದಿನ ಬರೆದಿದ್ರೆ ಕೇಳಿ. ಹನ್ನೆರಡು ಗೆರೆ. ಹನ್ನೊಂದೂವರೆಯೂ ಅಲ್ಲ, ಹನ್ನೆರಡೂಕಾಲೂ ಅಲ್ಲ."

ಅವನು ಚೀಟಿ ತೆಗೆದು, ತೊಡೆಯ ಮೇಲಿಟ್ಟು, ಕೂಡಿ ಕಳೆದ. ಪೆನ್ಸಿಲು ನಿಂತಿತು. ಇನ್ನೊಂದು ಸಲ ಕಳೆದ. ಆಮೇಲೆ ಹಲಗೆಯ ಮೇಲೆ ಧೊಪ್ಪೆಂದು ಕೂತ.

"ಮೂರು ಡಿಗ್ರಿ. ನೂರೆಂಬತ್ತು ಮೈಲಿ. ದ್ವೀಪ ಹಿಂದಿಲ್ಲ ಕಣೇ. ತೊಂಬತ್ತು ಮೈಲಿ ಮುಂದಿದೆ. ಮೂಗಿನ ನೇರಕ್ಕೆ." ಅವನು ಪೆನ್ಸಿಲಿನಿಂದ ಮುಂದಕ್ಕೆ ತೋರಿಸಿದ. "ಗಾಳಿ ಹೀಗೇ ಇದ್ರೆ ನಾಳೆ ಬೆಳಿಗ್ಗೆ ಕಾಣಿಸತ್ತೆ."

ಮಗಳು ಬಿಟ್ಟ ಬಾಯಿ ಮುಚ್ಚಿರಲಿಲ್ಲ. "ಅಪ್ಪ, ನೀನು ಹನ್ನೆರಡು ಕಳೀತಿಲ್ವಾ? ಗಡಿಯಾರಕ್ಕೂ ಪರದೆಗೂ ವ್ಯತ್ಯಾಸ ನಾನು ಮೊದಲ ದಿನಾನೇ ನೋಡಿದ್ದೆ. ಅಮ್ಮನ ಕೆಲಸ, ಅಪ್ಪಂಗೆ ಗೊತ್ತಿರತ್ತೆ, ಕಳ್ಕೋತಾನೆ ಅಂದ್ಕೊಂಡೆ."

"ಹಾಗಾದ್ರೆ ಆ ಬಿರುಗಾಳಿ ನಮ್ಮನ್ನ ಹೊತ್ಕೊಂಡು ಬಂದಿದ್ದು?"

"ಬಿರುಗಾಳಿ ನಿನ್ನನ್ನ ಹೊತ್ಕೊಂಡು ಎಲ್ಲಿಗೂ ಬಂದಿಲ್ಲ ಕಣೋ," ಎಂದರು ಅತ್ತೆ. "ನಿನ್ನ ಹೆಂಡ್ತಿ ಹೊತ್ಕೊಂಡು ಬಂದಿದಾಳೆ."

ಟೈಮಮ್ಮ ಗಂಡನ ಪಕ್ಕ ಕೂತಳು. ಇನ್ನು ಮುಚ್ಚಿಡುವುದೇನಿದೆ ಎಂದು ಹಳೆಯದನ್ನೆಲ್ಲ ಒಪ್ಪಿಸಿದಳು: ಹಜಾರದ ಗಡಿಯಾರ, ಅಡುಗೆಮನೆಯದು, ಅಲಾರಾಮು, ಇಪ್ಪತ್ತಾರು ವರ್ಷ. ಗುರುವಾರಪ್ಪ ಕೇಳುತ್ತಾ ಕೇಳುತ್ತಾ ವಿಚಿತ್ರವಾಗಿ ಕೆಮ್ಮಿದ.

"ಮನೇದು ಮುಂದಿತ್ತು ಅಂತ ಗೊತ್ತು."

"ಗೊತ್ತಿತ್ತಾ? ಯಾವಾಗಿಂದ?"

"ಮೊದಲ ದಿನದಿಂದ. ವಾಚ್ ರಿಪೇರಿ ಮಾಡೋನು ನಾನು, ಸ್ವಂತ ಮನೆ ಗಡಿಯಾರ ತಪ್ಪಿದ್ರೆ ಗೊತ್ತಾಗಲ್ವಾ? ಹೇಗೂ ಹನ್ನೆರಡು ನಿಮಿಷ ಕೈಯಲ್ಲಿದೆ ಅಂತ ಇನ್ನೊಂದು ಕಾಫಿ ಕುಡೀತಿದ್ದೆ."

"ಅದು ಇಪ್ಪತ್ತು ನಿಮಿಷ ಹಿಡೀತಿತ್ತು."

"ಬಿಸಿ ಇರ್ತಿತ್ತಲ್ಲ."

ಇಪ್ಪತ್ತಾರು ವರ್ಷ ಅವಳು ಕಟ್ಟಿದ ಕೋಟೆಯೊಳಗೆ ಶತ್ರು ಆರಾಮಾಗಿ ಕಾಫಿ ಹೀರುತ್ತಾ ಕೂತಿದ್ದ.

"ನಿಮ್ಮ ಮಾವಂಗೆ ನಾನು ಅರ್ಧ ಗಂಟೆ ಇಡ್ತಿದ್ದೆ," ಎಂದರು ಅತ್ತೆ, ಸೊಸೆಯ ಕೈಗೆ ಇನ್ನೊಂದು ಆಲೂಗಡ್ಡೆ ಇಟ್ಟು. "ಈ ವಂಶಕ್ಕೆ ಹನ್ನೆರಡು ಯಾವ ಮೂಲೆಗೆ? ನನ್ನನ್ನ ಒಂದು ಮಾತು ಕೇಳ್ಬೇಕಿತ್ತು."

ಗುರುವಾರಪ್ಪ ಹಗ್ಗ ಸುತ್ತಿ ಕಟ್ಟಿದ. ಸಮುದ್ರದ ಕಡೆ ನೋಡುತ್ತಲೇ ಹೇಳಿದ. "ಮನೇದು ನಿನ್ನ ಗಡಿಯಾರ ಅಂತ ಬಿಟ್ಟಿದ್ದೆ. ಇದನ್ನ ಮುಟ್ಟಲ್ಲ ಅಂದ್ಕೊಂಡಿದ್ದೆ ನೋಡು."

"ತಪ್ಪಾಯ್ತು ರೀ," ಎಂದಳು ಟೈಮಮ್ಮ.

ಈ ಎರಡು ಪದಗಳನ್ನು ಆ ಬಾಯಿಂದ ಕೇಳಲು ಡಿಪೋದ ಅರವತ್ತು ಡ್ರೈವರುಗಳು ಒಂದು ವರ್ಷ ರಜೆಯಿಲ್ಲದೆ ದುಡಿಯಲು ತಯಾರಿದ್ದರು. ಕೇಳಿಸಿಕೊಂಡದ್ದು ಮಾತ್ರ ವಾಚ್ ರಿಪೇರಿಯವನು. ಅವನು ಅವಳ ಮೊಣಕೈಯನ್ನು ತನ್ನ ಮೊಣಕೈಯಿಂದ ಒಮ್ಮೆ ತಳ್ಳಿದ, ಅಷ್ಟೇ. ಅವಳು ಮುಳ್ಳನ್ನು ಸರಿಮಾಡಲು ಎದ್ದಾಗ, "ಬೇಡ, ಓಡೋ ಗಡಿಯಾರನ ಕೆಣಕಬಾರದು. ಹನ್ನೆರಡು ಕಳ್ಕೊಂಡ್ರೆ ಸಾಕು," ಎಂದ. ಕೆಲಸದ ವಿಷಯ ಬಂದರೆ ಅವನು ಪಕ್ಕಾ ಮನುಷ್ಯ.

ಆ ಸಂಜೆ ಟೈಮಮ್ಮ ನೀರು ಹಂಚುವಾಗ ಲೋಟಗಳು ಮುಕ್ಕಾಲು ತುಂಬಿದವು. ಅವಳು ಹಾಸಿಗೆಗೆ ಬಿದ್ದವಳು, ಹೊರಟಾಗಿನಿಂದ ಮೊದಲ ಸಲ, ಕಾಲು ಚಾಚಿ ಮಲಗಿದಳು. ಹೇಳಿಬಿಟ್ಟ ಮೇಲೆ ಎದೆ ಇಷ್ಟು ಹಗುರಾಗುತ್ತದೆಂದು ಗೊತ್ತಿದ್ದರೆ ಇಪ್ಪತ್ತೈದು ವರ್ಷ ಮೊದಲೇ ಹೇಳುತ್ತಿದ್ದೆನಲ್ಲ ಎಂದುಕೊಳ್ಳುವಷ್ಟರಲ್ಲಿ ನಿದ್ದೆ ಬಂತು.

ಬೆಳಿಗ್ಗೆ ಮುಂಭಾಗದಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಹಾಕಿಕೊಂಡು ನೋಡಿದರು. ಮತ್ತೆ ತೆಗೆದು ಒರೆಸಿದರು.

"ಈ ಗಾಜಿನ ಮೇಲೆ ಏನೋ ಕಲೆ ಆಗಿದೆ. ಎಷ್ಟು ಒರೆಸಿದ್ರೂ ಹೋಗ್ತಿಲ್ಲ. ನೋಡೇ ಪುಟ್ಟಿ."

ಮೊಮ್ಮಗಳು ಕನ್ನಡಕ ನೋಡಲಿಲ್ಲ. ಅಜ್ಜಿಯ ತಲೆಯ ಮೇಲಿನಿಂದ ದೂರ ನೋಡಿದಳು. ನೀರಿನ ಗೆರೆಯ ಮೇಲೆ, ದೋಣಿಯ ಮೂಗಿನ ನೇರಕ್ಕೆ, ಹೆಬ್ಬೆರಳ ಉಗುರಿನಷ್ಟು ನೀಲಿ ಗುಡ್ಡ ಕೂತಿತ್ತು. ಅದರ ನೆತ್ತಿಗೆ ಒಂದೇ ಒಂದು ಮೋಡ ಅಂಟಿಕೊಂಡಿತ್ತು.

"ಅದು ಕಲೆ ಅಲ್ಲ ಅಜ್ಜಿ," ಎಂದಳು. ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು. ಬುಟ್ಟಿಯ ಆಲೂಗಡ್ಡೆಗಳು ಉರುಳಿ ಒಂದೊಂದಾಗಿ ಸಮುದ್ರ ಸೇರಿದವು. ಯಾರೂ ಹಿಡಿಯಲು ಹೋಗಲಿಲ್ಲ. ಚುಕ್ಕಾಣಿ ಹಿಡಿದಿದ್ದ ಗುರುವಾರಪ್ಪ ಮಾತ್ರ ಗಂಭೀರವಾಗಿ, ಈ ದ್ವೀಪವನ್ನು ತಾನೇ ಕಂಡುಹಿಡಿದವನಂತೆ, ಟೋಪಿ ಸರಿಮಾಡಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಅವರು ಸಣ್ಣ ಬಂದರಿನ ಮರದ ಕಟ್ಟೆಗೆ ಬಂದು ತಾಗಿದರು. ಅಲ್ಲಿ ಬಲೆ ಒಣಗಿಸುತ್ತಿದ್ದವನೊಬ್ಬ ಎಸೆದ ಹಗ್ಗ ಹಿಡಿದು ಗೂಟಕ್ಕೆ ಕಟ್ಟಿದ. ನಾಲ್ವರ ಒಣಗಿದ ತುಟಿಗಳನ್ನು ನೋಡಿ, ಏನೂ ಕೇಳದೆ, ಕಟ್ಟೆಯ ತುದಿಯ ನಲ್ಲಿಗೆ ಸಿಕ್ಕಿಸಿದ್ದ ಹಸಿರು ಪೈಪನ್ನು ಎಳೆದು ತಂದ.

"ಎಷ್ಟು ಬೇಕಾದ್ರೂ ಹಿಡ್ಕೊಳ್ಳಿ. ಬೆಟ್ಟದ ನೀರು, ನಿಲ್ಲೋದೇ ಇಲ್ಲ."

ಅತ್ತೆಗೆ ಮೊದಲ ಲೋಟ. ಕುಡಿದು ಮುಖ ಕಿವುಚಿದರು. "ರಬ್ಬರ್ ವಾಸನೆ." ಲೋಟ ಮತ್ತೆ ಮುಂದೆ ಚಾಚಿದರು. ಮೂರನೆಯ ಲೋಟದಲ್ಲೂ ಅದೇ ದೂರು ಇತ್ತು. ಗುರುವಾರಪ್ಪ ಬೊಗಸೆಯಲ್ಲಿ ಕುಡಿದ, ಮಗಳು ಪೈಪಿಗೇ ಬಾಯಿ ಹಾಕಿದಳು.

ಎಲ್ಲರದ್ದೂ ಆದ ಮೇಲೆ ಟೈಮಮ್ಮ ಕಟ್ಟೆಯ ಹಲಗೆಯ ಮೇಲೆ ಕೂತು, ತಲೆಗೂದಲು ಬಿಚ್ಚಿ, ಪೈಪನ್ನು ನೆತ್ತಿಯ ಮೇಲೆ ಹಿಡಿದಳು. ಉಪ್ಪು ಹೆಪ್ಪುಗಟ್ಟಿದ ಕೂದಲಿನಿಂದ ಇಳಿದ ತಣ್ಣೀರು ಕುತ್ತಿಗೆ, ಬೆನ್ನು, ತೋಳುಗಳ ಮೇಲೆ ಹರಿದು, ಹಲಗೆಗಳ ಸಂದಿನಿಂದ ಸೋರಿ ಸಮುದ್ರಕ್ಕೆ ಬಿತ್ತು. ಅವಳು ಕಣ್ಣು ಮುಚ್ಚಿದ್ದಳು.

"ಅಮ್ಮ, ನೀರು ಸುಮ್ನೆ ಹೋಗ್ತಿದೆ. ನಲ್ಲಿ ನಿಲ್ಲಿಸ್ಲಾ?" ಎಂದು ಮಗಳು ಕೇಳಿದಳು.

"ಇರ್ಲಿ ಬಿಡೇ," ಎಂದಳು ಟೈಮಮ್ಮ. "ಇನ್ನೊಂಚೂರು ಹರೀಲಿ."